ಎಲ್ಲದಕ್ಕೂ ಅದೇ ಅಕ್ಷರ

ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಜಾತ್ರೆ ಮುಗಿದು ಎರಡು ದಿನವಾಗಿತ್ತು. ತೇರಿನ ಸುದ್ದಿ, ಫೋಟೊ ಎಲ್ಲ ಆಗಲೇ ಕಳಿಸಿದ್ದೆವು. ಇನ್ನೊಂದು ಸುದ್ದಿಗೆ ಅಂತ ಹೋಗಿ, ಕೆಲಸ ಮುಗಿಸಿ, ಬಳ್ಳಾರಿ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಬಸ್ಸು ತಡವಾದಾಗ ನಾವು ಮಾಡುವ ಕೆಲಸ ಒಂದೇ. ಎದುರಿಗಿರುವ ಫ್ಲೆಕ್ಸ್‌ಗಳನ್ನು ಎಣಿಸುವುದು.

ಅವತ್ತು ಸಿಕ್ಕಿದ್ದು 14. ಜಾತ್ರೆಗೆ ಸ್ವಾಗತ ಕೋರಿದ್ದು 6, ಹುಟ್ಟುಹಬ್ಬದ್ದು 4, ಗೊಬ್ಬರದ ಅಂಗಡಿ ಶುರುವಾದದ್ದು 1, ಕಣ್ಣಿನ ತಪಾಸಣೆ ಶಿಬಿರದ್ದು 1, ಶ್ರದ್ಧಾಂಜಲಿ 2. ಈ 14ರಲ್ಲಿ 11 ಫ್ಲೆಕ್ಸ್‌ಗಳಿಗೆ ಒಂದೇ ಫಾಂಟ್. ಹುಟ್ಟಿದವರಿಗೂ ಅದೇ ಅಕ್ಷರ, ಸತ್ತವರಿಗೂ ಅದೇ ಅಕ್ಷರ, ಯೂರಿಯಾ ಚೀಲಕ್ಕೂ ಅದೇ ಅಕ್ಷರ. ಫೋಟೊ ಒಂದು ಬದಲಾಗಿತ್ತು, ಅಷ್ಟೆ.

ಪಕ್ಕದಲ್ಲಿ ಒಬ್ಬ ಹಿರಿಯರು ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದರು. ‘ಕಣ್ಣಿನ ಶಿಬಿರ ಯಾವತ್ತು ಅಂತ ಬರ್ದಾರ ನೋಡ್ರಿ’ ಅಂದೆವು. ಅವರು ಆ ಕಡೆ ನೋಡಿ, ‘ಎಲ್ಲೈತಿ? ಅವೆಲ್ಲ ಹುಟ್ಟುಹಬ್ಬದ್ದು ಅಲ್ಲೇನು?’ ಅಂದರು. ಹತ್ತು ಹೆಜ್ಜೆ ದೂರದಲ್ಲಿತ್ತು ಅದು. ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು.

ನಾವು ಅಂದರೆ ಇಲ್ಲಿ ಒಬ್ಬರೇ. ಸುದ್ದಿಯಲ್ಲಿ ‘ನಾನು’ ಅಂತ ಬರೆಯಬಾರದು ಎಂದು ಡಿಪ್ಲೊಮಾ ಓದುವಾಗ ಕಲಿಸಿದ್ದು ಇನ್ನೂ ಬಿಟ್ಟು ಹೋಗಿಲ್ಲ. ಪತ್ರಿಕೆಯೊಂದಕ್ಕೆ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆಯಿಂದ ಸುದ್ದಿ ಕಳಿಸುತ್ತೇವೆ. ಸ್ಟ್ರಿಂಗರ್ ಕೆಲಸದಲ್ಲಿ ಎಷ್ಟು ಸಿಗುತ್ತದೆ ಎಂಬುದು ಇಲ್ಲಿ ಬರೆಯುವ ಗೆಳೆಯರಿಗೆಲ್ಲ ಗೊತ್ತು. ಪೆಟ್ರೋಲಿಗೆ ಆದರೆ ಊಟಕ್ಕಿಲ್ಲ. ಹಾಗಾಗಿ ರಾತ್ರಿ ಹೊತ್ತು ಡಿಟಿಪಿ ಮಾಡುತ್ತೇವೆ. ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್ ಡಿಸೈನು. ಅಂದರೆ ಮೇಲೆ ಹೇಳಿದ 11ರಲ್ಲಿ ಒಂದೆರಡು ನಮ್ಮವೇ ಇದ್ದರೂ ಇದ್ದಾವು. ಬೈಯುವುದಕ್ಕೆ ಮೊದಲು ಇದನ್ನು ಹೇಳಿಬಿಡುವುದು ಒಳ್ಳೆಯದು.

ಊಟದಲ್ಲಿ ಕೆಲವರಿಗೆ ಹಾಗಲಕಾಯಿ ಆಗುವುದಿಲ್ಲ. ಹಾಗೆ ನಮಗೆ ಮೂರು ಅಕ್ಷರಗಳು ಆಗುವುದಿಲ್ಲ.

ಮೊದಲನೆಯದು ‘ಬಾಲೂ ತಮ್ಮ’. ಹೆಸರು ಕೇಳಿರಲಿಕ್ಕಿಲ್ಲ, ಆದರೆ ದಿನಕ್ಕೆ ಹತ್ತು ಸಲ ನೋಡಿರುತ್ತೀರಿ. ದುಂಡಗೆ, ದಪ್ಪಗೆ, ಹೊಟ್ಟೆ ತುಂಬ ಉಂಡು ಕೂತ ಹಾಗೆ ಇರುವ ಅಕ್ಷರ. ಹೆಸರಿನಂತೆ ರೂಪವೂ ಕತೆಯೊಳಗಿನ ಕರಡಿಯದ್ದೇ. ಮುಂಬೈನ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕಾರರ ತಂಡ ಇದನ್ನು ಮಾಡಿ, ಯಾರು ಬೇಕಾದರೂ ಪುಕ್ಕಟೆ ಬಳಸಿ ಅಂತ ಬಿಟ್ಟಿದೆ. ಒಂದೊಂದು ಭಾಷೆಗೆ ಒಂದೊಂದು ಅಣ್ಣ ತಮ್ಮನ ಹೆಸರು. ಕನ್ನಡಕ್ಕೆ ತಮ್ಮ, ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ, ಗುಜರಾತಿಗೆ ಭಾಯ್. ನಮ್ಮ ಗಡಿ ಕಡೆ ಒಂದೇ ಫ್ಲೆಕ್ಸ್‌ನಲ್ಲಿ ತಮ್ಮನೂ ತಮ್ಮುಡೂ ಜೊತೆಗೇ ನಿಂತಿರುತ್ತಾರೆ. ಮಾಡಿದವರು ಒಳ್ಳೆಯ ಮನಸ್ಸಿನಿಂದ, ಚೆನ್ನಾಗಿಯೇ ಮಾಡಿದ್ದಾರೆ. ಮಕ್ಕಳ ಕಾರ್ಯಕ್ರಮಕ್ಕೆ, ತಿಂಡಿ ಅಂಗಡಿಗೆ ಹೇಳಿ ಮಾಡಿಸಿದ ಅಕ್ಷರ. ಯೂಟ್ಯೂಬ್ ವಿಡಿಯೊದ ಮುಖಪುಟದಿಂದ ಹಿಡಿದು ಸಾವಿನ ಸುದ್ದಿಯವರೆಗೆ ಎಲ್ಲ ಕಡೆ ತಂದು ಕೂರಿಸಿದವರು ನಾವು.

ಎರಡನೆಯದು ‘ತುಂಗಾ’. ತುಂಗಭದ್ರೆ ನೀರು ಕುಡಿದು ತುಂಗಾ ಮೇಲೆ ಸಿಟ್ಟು ಮಾಡಿಕೊಳ್ಳಬಾರದು, ಆದರೂ ಬರುತ್ತದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಅಕ್ಷರ ಇದು. ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ತೋರಿಸುವುದಕ್ಕೆ ಆಗ ಇದೇ ಆಸರೆಯಾಯಿತು, ಅದಕ್ಕೆ ಋಣ ಇದೆ. ಆದರೆ ಅಕ್ಷರ ಸಣ್ಣದು, ಗೆರೆ ತೆಳ್ಳಗೆ. ಬೇರೆ ಫಾಂಟಿನಲ್ಲಿ 12 ಸೈಜಿಗೆ ಸರಿಯಾಗಿ ಕಾಣುವುದು ಇದರಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ವರ್ಡ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ತಾನಾಗಿಯೇ ಬಂದು ಕೂರುತ್ತಿತ್ತು, ಬದಲಿಸಬೇಕು ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಅದನ್ನು ಪ್ರಿಂಟ್ ತೆಗೆದು, ಆ ಪ್ರಿಂಟಿನ ಜೆರಾಕ್ಸ್ ತೆಗೆದು, ಜೆರಾಕ್ಸಿನ ಜೆರಾಕ್ಸ್ ತೆಗೆದು ಗೋಡೆಗೆ ಅಂಟಿಸಿದರೆ ಸೊನ್ನೆ, ಒತ್ತು ಎರಡೂ ಮಾಯ.

ಮೂರನೆಯದನ್ನು ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ‘ನುಡಿ’. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ಮಾಡಿದ ತಂತ್ರಾಂಶ. ಅದಕ್ಕೂ ಮೊದಲು, 1998ರಲ್ಲಿ, ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಜೋಡಣೆ ಇಲ್ಲದಿದ್ದರೆ ನಮ್ಮ ಬೆರಳು ಕನ್ನಡ ಟೈಪಿಂಗ್ ಕಲಿಯುತ್ತಲೇ ಇರಲಿಲ್ಲ. ಇವರೆಲ್ಲರಿಗೂ ಕೈ ಮುಗಿಯುತ್ತೇವೆ. ನಮ್ಮ ತಕರಾರು ಒಂದೇ. ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ವೇಷ ಹಾಕಿರುತ್ತವೆ. ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಆ ವೇಷ ನಿಲ್ಲುತ್ತದೆ. ಅದನ್ನೇ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ವೇಷ ಕಳಚಿ ಬೀಳುತ್ತದೆ.

ಅದು ಹೇಗಿರುತ್ತದೆ ಅಂತ ನಿಮ್ಮಲ್ಲಿ ಹಲವರು ನೋಡಿದ್ದೀರಿ. ಟೋಪಿ ಹಾಕಿಕೊಂಡ ಇಂಗ್ಲಿಷ್ ‘ಎ’ಗಳು, ನಡುವೆ ನಡುವೆ ಬ್ರಿಟಿಷರ ಪೌಂಡ್ ಗುರುತು. ಕನ್ನಡದ ‘ನ’ ಇದ್ದಲ್ಲೆಲ್ಲ ಪೌಂಡ್ ಬರುತ್ತದೆ. ಸಿರುಗುಪ್ಪ ತಾಲ್ಲೂಕಿನ ಒಬ್ಬ ಭತ್ತದ ರೈತರು ಒಮ್ಮೆ ಇಂಥ ಒಂದು ಸಂದೇಶವನ್ನು ನಮಗೆ ಕಳಿಸಿ, ‘ಅಣ್ಣ, ಇದು ಏನು ಭಾಷೆ? ಯಾರಾದ್ರೂ ನನ್ನ ರೊಕ್ಕ ಹೊಡೆಯಾಕ ಕಳಿಸ್ಯಾರೇನು?’ ಅಂತ ಕೇಳಿದರು. ಅವರಿಗೆ ಅದು ಯಾರದೋ ಗುಂಪಿನಿಂದ ಬಂದಿತ್ತು. ನಾವು ಕಂಪ್ಯೂಟರಿನಲ್ಲಿ ಹಾಕಿ ನುಡಿಯಿಂದ ಯೂನಿಕೋಡ್‌ಗೆ ಬದಲಿಸಿ ನೋಡಿದರೆ ಅದು ಅರ್ಜಿ ಕೊಡುವ ಬಗ್ಗೆ ಇದ್ದ ಪ್ರಕಟಣೆ. ಕೊನೆಯ ದಿನಾಂಕ ಹಿಂದಿನ ದಿನವೇ ಮುಗಿದಿತ್ತು.

ಮಜಾ ಏನೆಂದರೆ ಅಂಕಿಗಳು ಮಾತ್ರ ಕೆಟ್ಟಿರಲಿಲ್ಲ. ದಿನಾಂಕ ಸರಿಯಾಗಿಯೇ ಕಾಣುತ್ತಿತ್ತು. ಏನೋ ಒಂದರ ಕೊನೆಯ ದಿನ ಅಂತ ಆ ರೈತರಿಗೆ ತಿಳಿದಿತ್ತು, ಯಾವುದರದ್ದು ಅಂತ ತಿಳಿಯಲಿಲ್ಲ. ಮೂರು ದಿನ ಆ ದಿನಾಂಕವನ್ನು ನೋಡುತ್ತಲೇ ಇದ್ದರಂತೆ.

ಇಷ್ಟು ಹೊತ್ತು ಹೇಳಿದ್ದು ಬೇರೆಯವರ ತಪ್ಪು. ಈಗ ನಮ್ಮದು.

ಎರಡು ವರ್ಷದ ಹಿಂದೆ ನಮ್ಮ ಸೋದರಮಾವ ತೀರಿಕೊಂಡರು. ಅವ್ವನ ಅಣ್ಣ. ಸಿರುಗುಪ್ಪದ ಆಚೆ, ಕಾಲುವೆ ದಂಡೆಯ ಊರು. ಬೆಳಿಗ್ಗೆ ಸುದ್ದಿ ಬಂತು, ಅವ್ವನನ್ನು ಕರೆದುಕೊಂಡು ಹೋಗಿ ಮಣ್ಣು ಮಾಡಿ ಬಂದೆವು. ಮೂರನೆಯ ದಿನದ ಹೊತ್ತಿಗೆ ಮಾವನ ಮಕ್ಕಳು ಫೋನ್ ಮಾಡಿದರು. ‘ಭಾವಾ, ನೀನೇ ಒಂದು ಶ್ರದ್ಧಾಂಜಲಿ ಮಾಡಿಸ್ಕೊಂಡು ಬಾ. ದೊಡ್ಡದಿರ್ಲಿ. ಅಗಸಿ ಹತ್ರ ಕಟ್ಟೋಣ.’

ಬಳ್ಳಾರಿಯಲ್ಲಿ ನಾವು ಯಾವಾಗಲೂ ಹೋಗುವ ಫ್ಲೆಕ್ಸ್ ಅಂಗಡಿಗೆ ರಾತ್ರಿ ಒಂಬತ್ತಕ್ಕೆ ಹೋದೆವು. ಅಲ್ಲಿನ ಹುಡುಗ ಅವತ್ತು ಇಪ್ಪತ್ತು ಡಿಸೈನ್ ಮುಗಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ. ಈ ಹುಡುಗರನ್ನು ಬೈಯುವುದು ಸುಲಭ. ಅವರ ಕಂಪ್ಯೂಟರಿನಲ್ಲಿ ಇರುವುದು ಯಾವುದೋ ಕಾಲದ ಫೋಟೋಶಾಪ್. ಅದರಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಕೆಳಗೆ ಕೂರುವುದಿಲ್ಲ, ಪಕ್ಕಕ್ಕೆ ಬಿದ್ದು ಅಕ್ಷರ ಒಡೆಯುತ್ತದೆ. ಹಾಗಾಗಿ ಹಳೆಯ ಫಾಂಟುಗಳೇ ಗತಿ. ಹೊಸ ಸಾಫ್ಟ್‌ವೇರ್ ಇದ್ದ ಕಡೆ, ಮೊದಲು ಯಾರೋ ತೋರಿಸಿಕೊಟ್ಟ ಒಂದು ಫಾಂಟೇ ಗತಿ. ಅದರ ಮೇಲೆ ರೆಡಿ ಮಾಡಿಟ್ಟ ಡಿಸೈನುಗಳು ಇರುತ್ತವೆ. ಹೂವಿನ ಚೌಕಟ್ಟು ಇದ್ದರೆ ಹುಟ್ಟುಹಬ್ಬ, ದೀಪ ಇದ್ದರೆ ಶ್ರದ್ಧಾಂಜಲಿ. ಹೆಸರು, ಫೋಟೊ ಬದಲಿಸಿದರೆ ಹತ್ತು ನಿಮಿಷದ ಕೆಲಸ. ಗಿರಾಕಿ ಹಿಂದೆ ನಿಂತು ಹೇಳುವ ಮಾತೂ ಒಂದೇ. ‘ಅಕ್ಷರ ದಪ್ಪ ಮಾಡು ತಮ್ಮ, ದೂರಿಂದ ಕಾಣ್ಬೇಕು.’

ಅವತ್ತು ಹಿಂದೆ ನಿಂತಿದ್ದ ಗಿರಾಕಿ ನಾವು. ನಾವೂ ಅದನ್ನೇ ಹೇಳಿದೆವು. ಪುಟವಿನ್ಯಾಸದ ಪಾಠ ಓದಿದವರು, ಬಸ್ ನಿಲ್ದಾಣದಲ್ಲಿ ನಿಂತು ಫಾಂಟ್ ಎಣಿಸುವವರು. ‘ಭಾವಪೂರ್ಣ ಶ್ರದ್ಧಾಂಜಲಿ’ ದಪ್ಪ ಅಕ್ಷರದಲ್ಲಿ, ಬಂಗಾರದ ಬಣ್ಣದಲ್ಲಿ, ಸುತ್ತಲೂ ಬಿಳಿ ಗೆರೆ, ಗೆರೆಯ ಹಿಂದೆ ನೆರಳು. ಮಾವನ ಹೆಸರಿಗೆ ಕೆಂಪು. ಕೆಳಗೆ ‘ದುಃಖತಪ್ತರು’ ಅಂತ ಇಪ್ಪತ್ತಾರು ಜನರ ಹೆಸರು, ಒತ್ತೊತ್ತಾಗಿ. ರಾತ್ರಿ ಹನ್ನೊಂದಕ್ಕೆ ಮಷಿನ್‌ನಿಂದ ಫ್ಲೆಕ್ಸ್ ಹೊರಗೆ ಬಂತು. ಬೈಕಿನ ಹಿಂದೆ ಕಟ್ಟಿಕೊಂಡು ಬೆಳಿಗ್ಗೆ ಸಿರುಗುಪ್ಪ ದಾರಿ ಹಿಡಿದೆವು.

ಅಗಸಿ ಹತ್ತಿರ ಫ್ಲೆಕ್ಸ್ ಕಟ್ಟಿದ ಮೇಲೆ ಅವ್ವ ಬಂದು ನಿಂತಳು.

ಅವ್ವನ ಓದಿನ ಬಗ್ಗೆ ಸ್ವಲ್ಪ ಹೇಳಬೇಕು. ಅವಳು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ನಾವು ಚಿಕ್ಕವರಿದ್ದಾಗ ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಳು. ಈಗಲೂ ಒಂದೊಂದೇ ಅಕ್ಷರ ಕೂಡಿಸಿ, ತುಟಿ ಅಲುಗಿಸುತ್ತ ಓದುತ್ತಾಳೆ. ನಮ್ಮ ಹೆಸರಲ್ಲಿ ಸುದ್ದಿ ಬಂದ ದಿನ ಪೇಪರು ಹಿಡಿದು ಅರ್ಧ ಗಂಟೆ ಕೂರುತ್ತಾಳೆ. ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು, ಔಷಧಿ ಅಂಗಡಿ ಹೆಸರು ಎಲ್ಲ ಓದಿಕೊಳ್ಳುತ್ತಾಳೆ. ಆ ಓದು ಅವಳ ಸ್ವಂತ ಗಳಿಕೆ.

ಅವತ್ತು ತುಂಬ ಹೊತ್ತು ನಿಂತಳು. ತುಟಿ ಎರಡು ಸಲ ಅಲುಗಿ ಸುಮ್ಮನಾಯಿತು. ಆಮೇಲೆ ನಮ್ಮ ಕಡೆ ತಿರುಗಿ ಮೆಲ್ಲಗೆ ಕೇಳಿದಳು. ‘ಅಣ್ಣನ ಹೆಸ್ರು ಎಲ್ಲಿ ಬರ್ದೀಯೋ?’

ತೋರಿಸಿದೆವು. ‘ಹೌದೇನು’ ಅಂದಳು. ಮತ್ತೆ ಓದಲು ಹೋಗಲಿಲ್ಲ. ಸೆರಗಿನಿಂದ ಫೋಟೊ ಮೇಲಿನ ಧೂಳು ಒರೆಸಿ ಹೋದಳು. ಅಷ್ಟರಲ್ಲಿ ಶಾಲೆ ಬಿಟ್ಟು ಬಂದ ಹುಡುಗನೊಬ್ಬ ಗೆಳೆಯನಿಗೆ, ‘ಲೇ, ಇವತ್ತು ತಾತಂದು ಬರ್ತ್‌ಡೇ ಅಂತ’ ಅಂದ. ದೀಪದ ಚಿತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬಂಗಾರದ ದಪ್ಪ ಅಕ್ಷರ ಬಿದ್ದಿತ್ತು.

ಅವ್ವನಿಗೆ ಯಾಕೆ ಓದಲಾಗಲಿಲ್ಲ ಅಂತ ಆ ರಾತ್ರಿ ಕಂಪ್ಯೂಟರ್ ಮುಂದೆ ಕೂತು ನೋಡಿದೆವು. ಕನ್ನಡದಲ್ಲಿ ‘ದ’ಗೂ ‘ಧ’ಗೂ, ‘ಬ’ಗೂ ‘ಭ’ಗೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ‘ಪ’ ‘ಷ’ ಆಗುವುದು ಒಳಗಿನ ಒಂದು ಗೆರೆಯಿಂದ. ಒತ್ತಕ್ಷರವಂತೂ ಮೂಲ ಅಕ್ಷರಕ್ಕಿಂತ ಚಿಕ್ಕದು, ಕೆಳಗೆ ಕೂರುವಂಥದ್ದು. ದಪ್ಪ ಅಕ್ಷರಕ್ಕೆ ಮತ್ತೆ ಸುತ್ತ ಬಿಳಿ ಗೆರೆ ಬಳಿದರೆ ಆ ಸೀಳು ಮುಚ್ಚಿಹೋಗುತ್ತದೆ. ‘ಶ್ರದ್ಧಾಂಜಲಿ’ಯ ದ್ಧ ಒಂದು ಉಂಡೆಯಾಗಿತ್ತು. ಮಾವನ ಹೆಸರಿನಲ್ಲಿದ್ದ ಎರಡು ಒತ್ತಕ್ಷರ ಕೆಳಗಿನ ಸಾಲಿನ ತಲಕಟ್ಟಿಗೆ ಅಂಟಿಕೊಂಡಿದ್ದವು.

ನಮ್ಮಂಥವರು ಅಕ್ಷರ ಓದುವುದಿಲ್ಲ, ಪದದ ಆಕಾರ ನೋಡಿ ಊಹಿಸುತ್ತೇವೆ. ‘ಭಾವಪೂರ್ಣ’ ಅಂತ ಇದ್ದರೆ ಮುಂದೆ ‘ಶ್ರದ್ಧಾಂಜಲಿ’ ಅಂತ ಕಣ್ಣಿಗೆ ಮೊದಲೇ ಗೊತ್ತು. ಅವ್ವನಿಗೆ ಹಾಗೆ ಗೊತ್ತಿರುವುದಿಲ್ಲ. ಅವಳು ನಿಜವಾಗಿ ಓದುತ್ತಾಳೆ. ಓದಲು ಅಲ್ಲಿ ಅಕ್ಷರವೇ ಇರಲಿಲ್ಲ.

ಅಲ್ಲಿಯವರೆಗೆ ನಮ್ಮ ಸಿಟ್ಟು ಒಂದು ಶೋಕಿ. ಡಿಪ್ಲೊಮಾ ಮುಗಿಸಿದ್ದೇವೆ, ನಮಗೆ ಅಂದಚೆಂದ ಗೊತ್ತು ಎಂಬ ಜಂಬ ಅದರಲ್ಲಿ ಇತ್ತು. ಅವ್ವನ ‘ಹೌದೇನು’ ಆದ ಮೇಲೆ ಆ ಜಂಬ ಇಳಿಯಿತು, ಸಿಟ್ಟು ಉಳಿಯಿತು.

ಮಾವನ ಹನ್ನೊಂದನೆಯ ದಿನದ ಕಾರ್ಯಕ್ಕೆ ಬೇಕಾದ ಸಾಮಾನು ತರಲು ಸಿರುಗುಪ್ಪ ಪೇಟೆಗೆ ಹೋದಾಗ ಒಬ್ಬ ಹಳೆಯ ಪೇಂಟರ್ ಸಿಕ್ಕರು. ಫ್ಲೆಕ್ಸ್ ಬರುವ ಮೊದಲು ನಾಟಕದ ಬೋರ್ಡು, ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ ಎಲ್ಲ ಅವರದ್ದೇ. ಈಗ ಗಾಡಿಗಳ ನಂಬರ್ ಬರೆಯುತ್ತಾರೆ, ಚುನಾವಣೆ ಬಂದರೆ ಗೋಡೆ ಸಿಗುತ್ತದೆ. ಫ್ಲೆಕ್ಸ್ ಕತೆ ಹೇಳಿದೆವು. ಅವರು ನಗಲಿಲ್ಲ. ‘ನಾವು ದಾರಕ್ಕ ಸುಣ್ಣದ ಪುಡಿ ಹಚ್ಚಿ ಗೆರಿ ಹೊಡೀತಿದ್ವಿ. ಗೆರಿ ಹೊಡಿಯೋಕ ಮುಂಚೆ ಒಂದು ಮಾತು ಕೇಳ್ತಿದ್ವಿ. ಓದೋರು ಎಲ್ಲಿ ನಿಂತಿರ್ತಾರ? ಸೈಕಲ್ ಮ್ಯಾಲ ಹೋಗೋರೋ, ಕಟ್ಟಿ ಮ್ಯಾಲ ಕೂತೋರೋ? ಒತ್ತು ಬರೋ ಕಡೆ ಜಾಗ ಬಿಡ್ತಿದ್ವಿ. ಇದು ಎಲ್ಲರಿಗೂ ಗೊತ್ತಿದ್ದ ಕೆಲಸ’ ಅಂದರು.

ಒತ್ತು ಬರುವ ಕಡೆ ಜಾಗ ಬಿಡುವುದು. ಎರಡು ಸೆಮಿಸ್ಟರ್‌ನಲ್ಲಿ ನಮಗೆ ಸಿಗದ ಪಾಠ ಇದು.

ನಮ್ಮ ಜಿಲ್ಲೆಗೆ ಅಕ್ಷರದ ಬಗ್ಗೆ ಉಡಾಫೆ ಮಾಡುವ ಹಕ್ಕಿಲ್ಲ ಅಂತ ನಮಗೆ ಅನಿಸುತ್ತದೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೆಗೋಳದಲ್ಲಿ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನಮ್ಮ ಕನ್ನಡ ಲಿಪಿಗೆ ಮೂಲ ಅದೇ ಬ್ರಾಹ್ಮಿ. ಅಶೋಕನ ಬಹಳಷ್ಟು ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅಂತ ಬಿರುದು ಮಾತ್ರ ಇರುತ್ತದೆ. ಅಶೋಕ ಎಂಬ ಹೆಸರೇ ಬರೆದಿರುವ ಶಾಸನಗಳು ದೇಶದಲ್ಲಿ ಕೆಲವೇ ಕೆಲವು, ಅವುಗಳಲ್ಲಿ ಈ ಎರಡೂ ಊರಿನವು ಸೇರಿವೆ. ಸುತ್ತ ನೆರಳಿಲ್ಲ, ಬಂಗಾರದ ಬಣ್ಣ ಇಲ್ಲ. ಉಳಿ ಹಿಡಿದು ಕೊರೆದವನು ಸೀಳು ಎಲ್ಲಿ ಬೇಕೋ ಅಲ್ಲಿ ಸೀಳಿದ್ದಾನೆ. ಅದಕ್ಕೇ ಇಷ್ಟು ಕಾಲದ ಮೇಲೂ ಓದಿ ಇದು ಅವನ ಹೆಸರು ಅಂತ ಹೇಳಲು ಬಂತು. ನಮ್ಮ ಮಾವನ ಹೆಸರನ್ನು ನಾಲ್ಕು ದಿನಕ್ಕೆ ಅವರ ತಂಗಿಗೇ ಓದಲಾಗಲಿಲ್ಲ.

ಬಳ್ಳಾರಿಯದ್ದೂ ಒಂದು ಕತೆ ಇದೆ. ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನಾಚರಣೆಯಲ್ಲಿ ನಮಗೆಲ್ಲ ಹಾರ ಹಾಕಿ ಭಾಷಣ ಮಾಡುತ್ತಾರಲ್ಲ, ಆ ದಿನವೇ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದರು. ಅದು ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿತ್ತು. ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಮೂಡಿಸಿ ಒತ್ತುವ ಪದ್ಧತಿ ಅದು. ಮರುವರ್ಷ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಬಂತು. ಹೆಸರು ‘ಕನ್ನಡ ಸಮಾಚಾರ’ ಆಯಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನವರ ಅಚ್ಚುಕೂಟ ಇತ್ತು, ಸೀಸದ ಅಚ್ಚುಮೊಳೆಗಳಿದ್ದವು. ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕೆಲಸ. ಅವರಲ್ಲಿ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತವರು. ಪತ್ರಿಕೆ ಬಹಳ ದಿನ ಬದುಕಲಿಲ್ಲ. ಆದರೂ ಕನ್ನಡದ ಮೊದಲ ಪತ್ರಿಕೆ ಅಚ್ಚಿನ ಅಕ್ಷರ ಹುಡುಕಿಕೊಂಡು ಬಂದ ಊರು ಇದು. ಪತ್ರಿಕಾ ದಿನದ ಫ್ಲೆಕ್ಸ್ ಯಾವ ಅಕ್ಷರದಲ್ಲಿರುತ್ತದೆ ಅಂತ ನಾವು ಹೇಳಬೇಕಿಲ್ಲ.

ಒಂದೇ ಅಕ್ಷರ ಎಲ್ಲ ಕಡೆ ನುಗ್ಗುವ ರೋಗ ನಮ್ಮಲ್ಲಿ ಮಾತ್ರ ಇಲ್ಲ. ಇಂಗ್ಲಿಷಿನವರಿಗೆ ‘ಕಾಮಿಕ್ ಸ್ಯಾನ್ಸ್’ ಅಂತ ಒಂದಿದೆ. 1994ರಲ್ಲಿ ಮೈಕ್ರೋಸಾಫ್ಟ್‌ನ ವಿನ್ಸೆಂಟ್ ಕೊನೇರ್ ಬರೆದ ಅಕ್ಷರ. ಮಕ್ಕಳಿಗೂ ಹೊಸಬರಿಗೂ ಅಂತ ಮಾಡುತ್ತಿದ್ದ ಒಂದು ಸಾಫ್ಟ್‌ವೇರ್‌ನಲ್ಲಿ ಕಾರ್ಟೂನ್ ನಾಯಿಯೊಂದು ಪೇಪರಿನ ಗಂಭೀರ ಅಕ್ಷರದಲ್ಲಿ ಮಾತಾಡುತ್ತಿತ್ತು. ನಾಯಿ ಹೀಗೆ ಮಾತಾಡುವುದಿಲ್ಲ ಅಂತ ಅವರಿಗೆ ಅನಿಸಿ, ಚಿತ್ರಕತೆ ಪುಸ್ತಕಗಳ ಕೈಬರಹ ನೋಡಿ ಹೊಸ ಅಕ್ಷರ ಮಾಡಿದರು. ಆ ನಾಯಿಗೆ ಅದು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ, ಆದರೆ ಕಂಪ್ಯೂಟರ್ ಇದ್ದವರಿಗೆಲ್ಲ ಸಿಕ್ಕಿತು. ನೋಟಿಸ್ ಬೋರ್ಡು, ಆಸ್ಪತ್ರೆ ಗೋಡೆ, ಎಲ್ಲ ಕಡೆ ಹೋಯಿತು. 2012ರಲ್ಲಿ ಹಿಗ್ಸ್ ಬೋಸಾನ್ ಕಣ ಸಿಕ್ಕಿತು ಅಂತ ವಿಜ್ಞಾನಿಗಳು ಜಗತ್ತಿಗೆ ತೋರಿಸಿದ ಸ್ಲೈಡುಗಳೂ ಅದೇ ಅಕ್ಷರದಲ್ಲಿದ್ದವು. ಜನ ಕಣ ಬಿಟ್ಟು ಅಕ್ಷರದ ಬಗ್ಗೆ ನಕ್ಕರು. ಆ ಅಕ್ಷರದ ತಪ್ಪೇನಿಲ್ಲ. ನಾಯಿಗೆ ಹೊಲಿದ ಅಂಗಿಯನ್ನು ಊರಿಗೆಲ್ಲ ತೊಡಿಸಿದ್ದು ಬೇರೆಯವರು. ನಮ್ಮ ಬಾಲೂ ತಮ್ಮನ ಪಾಡೂ ಅದೇ.

ಈಗ ನಾವು ಏನು ಮಾಡುತ್ತಿದ್ದೇವೆ ಅಂತ ಕೇಳಿದರೆ, ದೊಡ್ಡದೇನೂ ಇಲ್ಲ. ಡಿಸೈನ್ ಮಾಡಿದ ಮೇಲೆ ಪ್ರಿಂಟಿಗೆ ಕೊಡುವ ಮೊದಲು ಫೋನಿಗೆ ಕಳಿಸಿಕೊಂಡು ಅವ್ವನ ಮುಂದೆ ಹಿಡಿಯುತ್ತೇವೆ. ತೋಳು ಉದ್ದ ಮಾಡಿ, ಸ್ವಲ್ಪ ದೂರದಿಂದ. ಅವಳು ಓದಿದರೆ ಪಾಸು. ತುಟಿ ನಿಂತರೆ ಆ ಜಾಗ ಸರಿ ಮಾಡುತ್ತೇವೆ. ಕೆಲವೊಮ್ಮೆ ಬೇಜಾರಾಗಿ, ‘ಯಾರ್ದೋ ಮದುವಿ ಕಾರ್ಡು, ನಂಗ್ಯಾಕ ಓದಸ್ತೀ’ ಅನ್ನುತ್ತಾಳೆ. ಆದರೂ ಓದುತ್ತಾಳೆ.

ನೀವು ಫ್ಲೆಕ್ಸ್ ಮಾಡಿಸಲು ಹೋದಾಗಲೂ ಹೀಗೆ ಮಾಡಬಹುದು. ಹುಡುಗನ ಹಿಂದೆ ನಿಂತು ‘ದಪ್ಪ ಮಾಡು’ ಅನ್ನುವ ಬದಲು ‘ಅಕ್ಷರ ದೊಡ್ಡದು ಮಾಡು’ ಅನ್ನಿ. ದಪ್ಪ ಬೇರೆ, ದೊಡ್ಡದು ಬೇರೆ. ಸುತ್ತ ಬಿಳಿ ಗೆರೆ, ನೆರಳು ಎರಡನ್ನೂ ತೆಗೆಸಿ. ಬಿಳಿ ಮೇಲೆ ಕಪ್ಪು ಅಕ್ಷರಕ್ಕೆ ಯಾವ ಬಂಗಾರವೂ ಸಮ ಅಲ್ಲ. ಸಾಲು ಸಾಲಿನ ನಡುವೆ ಒತ್ತಕ್ಷರ ಕೂರುವಷ್ಟು ಜಾಗ ಬಿಡಿಸಿ. ಜಾಗ ಸಾಲದಿದ್ದರೆ ಹೆಸರು ಕಡಿಮೆ ಮಾಡಿ, ಅಕ್ಷರ ಹಿಂಡಬೇಡಿ. ಪುಕ್ಕಟೆ ಸಿಗುವ ಬೇರೆ ಕನ್ನಡ ಫಾಂಟುಗಳೂ ಇವೆ. ನೋಟೋ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಹುಬ್ಬಳ್ಳಿ, ಅಕಾಯ ಕನ್ನಡಕ. ಕೊನೆಯದನ್ನು ಮಾಡಿದವರಲ್ಲಿ ನಮ್ಮ ಕನ್ನಡದವರೇ ಆದ ವೈಷ್ಣವಿ ಮೂರ್ತಿ ಇದ್ದಾರೆ. ಹುಬ್ಬಳ್ಳಿ ಹೆಸರಲ್ಲಿ ಫಾಂಟ್ ಇದೆ, ಬಳ್ಳಾರಿ ಹೆಸರಲ್ಲಿ ಒಂದು ಬರಲಿ ಅಂತ ನಮಗೂ ಆಸೆ. ಇನ್ನು ಕಚೇರಿಗಳಿಂದ, ಸಂಘಗಳಿಂದ ವಾಟ್ಸಾಪ್‌ಗೆ ಪ್ರಕಟಣೆ ಹಾಕುವವರು ಈ ಬರಹ ಓದುತ್ತಿದ್ದರೆ ಒಂದು ಮನವಿ. ನುಡಿಯಲ್ಲೇ ಟೈಪ್ ಮಾಡಿ, ಆದರೆ ಅದರಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಒತ್ತಿ. ಆ ಒಂದು ಗುಂಡಿ ಒತ್ತಿದ್ದರೆ ಭತ್ತದ ರೈತರ ಅರ್ಜಿ ತಪ್ಪುತ್ತಿರಲಿಲ್ಲ.

ಹೋದ ವರ್ಷ ಮಾವನ ವರ್ಷದ ಪುಣ್ಯಸ್ಮರಣೆ ಬಂತು. ಮತ್ತೆ ಫ್ಲೆಕ್ಸ್ ಕೆಲಸ ನಮಗೇ ಬಂತು. ಈ ಸಲ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಸಾದಾ ಫಾಂಟ್. ಫೋಟೊ, ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ದಿನಾಂಕ, ಕೆಳಗೆ ‘ಮನೆಯವರು’ ಅಂತ ಒಂದೇ ಪದ. ಇಪ್ಪತ್ತಾರು ಹೆಸರು ಬಿಟ್ಟಿದ್ದಕ್ಕೆ ಮಾವನ ಮಕ್ಕಳು ಸ್ವಲ್ಪ ಮುಖ ಊದಿಸಿಕೊಂಡರು. ‘ಬಡವರ ಮನಿ ಫ್ಲೆಕ್ಸ್ ಆದಂಗ ಐತಿ ಭಾವಾ’ ಅಂದರು. ಅವಸರದಲ್ಲಿ ಅವತ್ತು ಅವ್ವನಿಗೆ ಫೋನಿನಲ್ಲಿ ತೋರಿಸಿರಲಿಲ್ಲ. ನೇರ ಪ್ರಿಂಟಿಗೆ ಹೋಗಿತ್ತು.

ಅಗಸಿ ಹತ್ತಿರ ಕಟ್ಟಿದೆವು. ಅವ್ವ ಬಂದು ನಿಂತಳು. ತುಟಿ ಅಲುಗಿತು. ಮಾವನ ಹೆಸರು ಪೂರ್ತಿ ಓದಿದಳು, ಎರಡು ಒತ್ತಕ್ಷರ ಸೇರಿಸಿ, ನಮಗೆ ಕೇಳುವಷ್ಟು ಗಟ್ಟಿಯಾಗಿ. ನಮಗೆ ಹೊಟ್ಟೆ ತಣ್ಣಗಾಯಿತು. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಕೆಳಗಿನ ಸಾಲಿಗೆ ಬಂದಳು.

‘ಇದು ತಪ್ಪೈತಿ’ ಅಂದಳು.

‘ಏನು ತಪ್ಪು?’

‘ಹುಟ್ಟಿದ ವರ್ಷ. ಅಣ್ಣ ನನಗಿಂತ ಮೂರು ವರ್ಷಕ್ಕ ದೊಡ್ಡಾವ. ನೀ ಬರ್ದಿದ್ದು ನೋಡಿದ್ರ ಅವ ನನಗ ತಮ್ಮ ಆಗ್ತಾನ.’

ಮನೆಗೆ ಬಂದು ಹಳೆಯ ಫೈಲ್ ತೆಗೆದು ನೋಡಿದೆವು. ಮೊದಲ ಸಲದ ಫ್ಲೆಕ್ಸ್‌ನಲ್ಲೂ ಅದೇ ತಪ್ಪು ವರ್ಷ ಇತ್ತು. ಹನ್ನೊಂದು ದಿನ ಅಗಸಿ ಮುಂದೆ ನೇತಾಡಿತ್ತು. ಊರಿನವರು, ಬೀಗರು, ನಾವು, ಮಾವನ ಮಕ್ಕಳು ಎಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೆವು. ಒಬ್ಬರೂ ಓದಿರಲಿಲ್ಲ.

ಸಂಜೆ ಬಿಳಿ ಸ್ಟಿಕ್ಕರ್ ಅಂಟಿಸಿ, ಅದರ ಮೇಲೆ ಸರಿಯಾದ ವರ್ಷವನ್ನು ಮಾರ್ಕರ್‌ನಿಂದ ಕೈಯಲ್ಲೇ ಬರೆದೆವು. ಅವ್ವ ಪಕ್ಕದಲ್ಲಿ ನಿಂತು ಒಂದೊಂದೇ ಅಂಕಿ ಹೇಳಿದಳು.